ಅಮಾವಾಸ್ಯೆಗೆ ಬಿಡುವು ಪಡೆದ ಬ್ಯಾಟರಿ

ಬ್ಯಾಟರಿಗೆ ಕುಂಕುಮ ಹಚ್ಚಿದವಳು ನಾನೇ. ಅಮಾವಾಸ್ಯೆಯ ದಿನ ಅದಕ್ಕೂ ಬಿಡುವಿರಲಿ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹಲವರನ್ನು ಬೈಯುವವಳಿದ್ದೇನೆ. ಬೈಸಿಕೊಳ್ಳುವವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವಳು ಯಾರು ಎಂಬುದು ಗೊತ್ತಿರಲಿ.

ನಮ್ಮದು ಬೆಟಗೇರಿಯ ನೇಕಾರರ ಓಣಿ. ಹೆಚ್ಚಿನ ಮನೆಗಳಲ್ಲಿ ಈಗ ಪಾವರ್‌ಲೂಮ್ ಬಂದಿದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಕೈಯಿಂದ ಲಾಳಿ ಓಡಿಸುವ ಮಗ್ಗ ಉಳಿದಿರುವುದು ಮೂರೇ ಮನೆಗಳಲ್ಲಿ. ಅದರಲ್ಲಿ ನಮ್ಮದೊಂದು, ಅದರ ಮೇಲೆ ಕೂರುವವಳು ನಾನು. ನಮ್ಮಿಂದ ಮೂರು ಮನೆ ಆಚೆ ನನ್ನ ಅಕ್ಕ ಇದ್ದಾಳೆ. ಮುಳಗುಂದದಿಂದ ಅಕ್ಕತಂಗಿಯರಿಬ್ಬರೂ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನ ಜಡೆ ಹೆಣೆಯುತ್ತಿದ್ದವಳು ಅವಳೇ, ನನಗೆ ಮಗ್ಗ ಕಲಿಸಿದವಳೂ ಅವಳೇ. ಭಾವ ಇಲ್ಲ. ಮಗಳನ್ನು ಮುಂಡರಗಿಗೆ ಕೊಟ್ಟಿದೆ, ಅವಳು ಹಬ್ಬಕ್ಕೋ ಹುಣ್ಣಿಮೆಗೋ ಬಂದು ಹೋಗುತ್ತಾಳೆ.

ನಲವತ್ತು ವರ್ಷ ನೂಲಿನ ಧೂಳು ಕುಡಿದು ಅಕ್ಕನ ಎದೆ ಕೆಟ್ಟಿತು. ಗದಗಿನ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಇನ್ನು ಮನೆಯಲ್ಲೇ ಆಕ್ಸಿಜನ್ ಮಷಿನ್ ಇಟ್ಟುಕೊಳ್ಳಬೇಕು, ಹಗಲೂ ರಾತ್ರಿ ಹಾಕಿಕೊಂಡಿರಬೇಕು ಎಂದರು. ಆ ಮಷಿನ್ನಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಇರಲಿ ಎಂದು ಒಂದು ಸಿಲಿಂಡರ್ ಬಾಡಿಗೆಗೆ ತಂದಿಟ್ಟೆವು. ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ, ನಾಲ್ಕು ಹನಿ ಬಿದ್ದರೆ ಹೋಗುತ್ತದೆ, ಏನೂ ಆಗದಿದ್ದರೂ ಹೋಗುತ್ತದೆ. ಡೋಣಿಯ ಕಡೆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಮುಂಡರಗಿ ಬಸ್ಸಿನಿಂದ ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಗಾಳಿ ನಮ್ಮದು, ಗುಡ್ಡ ನಮ್ಮದು, ಬಿಸಿಲಂತೂ ತಲೆ ಸುಡುವಷ್ಟು ನಮ್ಮದು. ಅದರ ಕರೆಂಟ್ ಮಾತ್ರ ತಂತಿ ಹಿಡಿದುಕೊಂಡು ಎಲ್ಲಿಗೋ ಹೋಗುತ್ತದೆ, ನಮ್ಮಕ್ಕ ಇಲ್ಲಿ ಸಿಲಿಂಡರ್ ಮುಳ್ಳು ನೋಡುತ್ತಾ ಕೂರಬೇಕು.

ಇಂಥ ಹೊತ್ತಿನಲ್ಲಿ ಒಂದು ಸಂಸ್ಥೆಯವರು ಬಂದರು. ಅವರ ಕಡೆಯಿಂದ ಬಂದವಳು ಒಬ್ಬ ಇಂಜಿನಿಯರ್ ಹುಡುಗಿ. ನಮ್ಮ ಸಮುದಾಯ ಭವನದ ಮಾಳಿಗೆಯ ಮೇಲೆ ಸೋಲಾರ್ ಹಾಸುತ್ತೇವೆ, ಒಪ್ಪಿದವರ ಮನೆಗಳ ಮೇಲೂ ಹಾಕುತ್ತೇವೆ, ಎಲ್ಲದರ ಕರೆಂಟ್ ಒಂದು ದೊಡ್ಡ ಬ್ಯಾಟರಿಯಲ್ಲಿ ತುಂಬಿಡುತ್ತೇವೆ, ಲೈನ್ ಹೋದಾಗ ಇಡೀ ಓಣಿಗೆ ಅದರಿಂದ ಕೊಡುತ್ತೇವೆ ಎಂದಳು. ಜೋಳ ತುಂಬಿಡುವ ಹಗೇವು ಇದ್ದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಆಮೇಲೆ ಅವಳು ಫಾರ್ಮ್ ತೆಗೆದು ಒಬ್ಬೊಬ್ಬರನ್ನೇ ಕೇಳಿದಳು: ತಿಂಗಳ ಬಿಲ್ ಎಷ್ಟು, ಎಷ್ಟು ಉಳಿದರೆ ಒಪ್ಪುತ್ತೀರಿ. ನಮ್ಮ ಜನ ಬಿಲ್ಲಿನ ಲೆಕ್ಕಕ್ಕೆ ಒಪ್ಪುವವರಲ್ಲ, ಬಿಡುವವರೂ ಅಲ್ಲ. ಅವರ ತಲೆಯೊಳಗೆ ಇದ್ದ ಪ್ರಶ್ನೆಗಳೇ ಬೇರೆ.

ಅವು ಸಭೆಯಲ್ಲಿ ಹೊರಬಿದ್ದವು. "ನನ್ನ ಮಾಳಿಗಿ ಮ್ಯಾಲಿನ ಬಿಸಲು ಅವನ ಮನಿಗೆ ಯಾಕ ಹೋಗಬೇಕು?" ಎಂದ ನಾಲ್ಕು ಪಾವರ್‌ಲೂಮ್ ಇಟ್ಟುಕೊಂಡವನೊಬ್ಬ. "ನಿನ್ನ ಮಗ್ಗಕ್ಕ ನಮ್ಮೆಲ್ಲಾರ ಪಾಲು ನುಂಗತೀಯೇನಪಾ ಮತ್ತ?" ಎಂದು ಇನ್ನೊಬ್ಬ ಎಗರಿದ. ಅದು ಸುಡುತ್ತದಂತೆ, ಸಿಡಿಯುತ್ತದಂತೆ ಎಂದು ಮತ್ತೊಬ್ಬ. ಎರಡು ತಾಸು ಹೀಗೇ ನಡೆಯಿತು. ಇಂಜಿನಿಯರ್ ಹುಡುಗಿಯ ಮುಖ ಬಾಡಿತ್ತು. ನನಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದೆ.

"ನಾಚಿಕಿ ಐತೇನ್ರಿ ನಿಮಗ?" ಎಂದೆ. "ಹಾಸಿನ ನೂಲಿಗೆ ಗಂಜಿ ಹಚ್ಚಿ ಓಣಿ ತುಂಬ ಎಳದ ಕಟ್ಟಿದಾಗ ಅದು ಎಷ್ಟ ಮನಿ ಮುಂದ ಹಾದ ಹೋಗತೈತಿ? ಯಾವನಾರ ಒಬ್ಬಾವ, ಇದು ನನ್ನ ಬಾಗಲಾ, ನಿನ್ನ ನೂಲ ತಗಿ ಅಂದಾನೇನು? ಹುಡಗೂರ ಸೈತ ಬಗ್ಗಿ ಹಾಯಂಗಿಲ್ಲ, ಸುತ್ತ ಹಾಕಿ ಸಾಲಿಗೆ ಹೋಗ್ತಾವ. ನೂಲಿಗೆ ಓಣಿ ಎಲ್ಲಾರದೂ ಆಗತೈತಿ, ಬಿಸಲಿಗೆ ಯಾಕ ಆಗಬಾರದು?"

ಹಾಸು ಎಂದರೆ ನಮಗೆ ಹಾಗೆ. ಮಗ್ಗಕ್ಕೆ ಏರಿಸುವ ಮುನ್ನ ಬೆಳಗಿನ ತಂಪಿನಲ್ಲಿ ಉದ್ದನೆಯ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚುವಾಗ ಯಾರ ನೂಲು ಎಂದು ಯಾರೂ ಕೇಳುವುದಿಲ್ಲ. ಎಳೆ ತುಂಡಾದರೆ ಹತ್ತಿರ ಇದ್ದವರು ಬಂದು ಗಂಟು ಹಾಕುತ್ತಾರೆ. ಅದನ್ನು ನೆನಪಿಸಿದ್ದೇ ತಡ, ತಲೆಗಳು ಅಲ್ಲಾಡಿದವು. ಆದರೆ ಓಣಿಯ ಹಿರಿಯರೊಬ್ಬರು ಇನ್ನೂ ಗಂಭೀರವಾಗೇ ಇದ್ದರು. ಪಂಚರಲ್ಲಿ ಎಲ್ಲರಿಗಿಂತ ದೊಡ್ಡವರು, ನಾನು ಕಾಕಾ ಎನ್ನುತ್ತೇನೆ.

"ನೀ ಅಂದಿದ್ದು ಖರೆ ಐತಿ ತಂಗಿ," ಎಂದರು. "ಆದ್ರ ನೇಮ ಇಲ್ಲದ ಯಂತ್ರ ಓಣಿಯೊಳಗ ಹೊಕ್ಕರ ಹೆಂಗ? ನಮ್ಮ ಮಗ್ಗಕ್ಕ ಅಮಾಸಿ ಬಿಡುವು ಐತಿ. ಪಾವರ್‌ಲೂಮ್ ಆದ್ರೂ ಅವತ್ತ ಬಂದ್. ಇದಕ್ಕ?"

ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಬಿಡುತ್ತೇವೆ. ತಿಂಗಳೆಲ್ಲ ನಮಗಾಗಿ ದುಡಿದದ್ದು ಒಂದು ದಿನ ಸುಮ್ಮನಿರಲಿ ಎಂಬುದು ನಮ್ಮ ನಂಬಿಕೆ. ಗೆದ್ದ ಹುಮ್ಮಸ್ಸಿನಲ್ಲಿದ್ದೆ ನೋಡಿ, ಬಾಯಿ ನಿಲ್ಲಲಿಲ್ಲ. "ಇದಕ್ಕೂ ಅಮಾಸಿ ಬಿಡುವು ಕೊಡೂಣ್ರಿ ಕಾಕಾ. ಮುಂಜಾನಿಂದ ಸಂಜೀತನಕ ಬಂದ್ ಮಾಡಿ ಕೀಲಿ ಹಾಕೂಣು. ನಮ್ಮದು ಅಂದ ಮ್ಯಾಲ ನಮ್ಮ ನೇಮ ಅದಕ್ಕೂ," ಎಂದೆ.

ಎಲ್ಲರ ಮುಖ ಅರಳಿತು. ಅರಳದೇ ಇದ್ದದ್ದು ಇಂಜಿನಿಯರ್ ಹುಡುಗಿಯದೊಂದೇ. "ಅಮ್ಮಾರ, ಬ್ಯಾಟರಿಗೆ ದಣಿವು ಇರೂದಿಲ್ರಿ. ಲೈನ್ ಹೋಗೂದು ಅಮಾಸಿ ನೋಡಿ ಹೋಗೂದಿಲ್ಲ. ಓಣಿಯೊಳಗ ಯಾರರ ಮಷಿನ್ ಮ್ಯಾಲ ಇದ್ದವರು ಅದಾರೇನ್ರಿ?" ಎಂದು ಕೇಳಿದಳು.

ಕೇಳಿದಳು. ಕೇಳಲಿಲ್ಲ ಎಂದು ಅವಳನ್ನು ಬೈಯುವ ಹಾಗಿಲ್ಲ. ನಾನೇ ಉತ್ತರ ಕೊಟ್ಟೆ: "ನಮ್ಮ ಅಕ್ಕ ಅದಾಳ. ಆಕಿಗೆ ಸಿಲಿಂಡರ್ ಐತಿ. ನೀ ಇನ್ನೂ ಸಣ್ಣಾಕಿ ತಂಗಿ, ನಮ್ಮ ಪದ್ಧತಿ ನಿನಗ ತಿಳಿಯಂಗಿಲ್ಲ, ಸುಮ್ಮ ಬರಕೊ." ಬರೆದುಕೊಂಡಳು. ಕೆಳಗೆ ಎಲ್ಲರೂ ಸಹಿ ಮಾಡಿದೆವು.

ಬ್ಯಾಟರಿ ಬಂತು. ಭವನದ ಪಕ್ಕದ ಖೋಲಿಯಲ್ಲಿ ಎರಡು ಕಪಾಟಿನಷ್ಟು ಎತ್ತರಕ್ಕೆ ನಿಂತಿತು. ನಾನು ಅದಕ್ಕೂ ಖೋಲಿಯ ಬಾಗಿಲಿಗೂ ಕುಂಕುಮ ಹಚ್ಚಿದೆ, ಕಾಕಾ ಕಾಯಿ ಒಡೆದರು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಸುಳ್ಳು ಯಾಕೆ ಹೇಳಲಿ, ಅದು ಬಂದ ಮೇಲೆ ಓಣಿ ಸುಖ ಕಂಡಿತು. ಲೈನ್ ಹೋದರೂ ಫ್ಯಾನು ತಿರುಗುತ್ತಿತ್ತು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಸಣ್ಣ ಯಂತ್ರಗಳು ಪಾಳಿಯ ಪ್ರಕಾರ ಓಡುತ್ತಿದ್ದವು. ಅಕ್ಕನ ಮಷಿನ್ ನಿಲ್ಲಲೇ ಇಲ್ಲ. ಮೂರು ತಿಂಗಳು ಸಿಲಿಂಡರಿನ ತಿರುಪು ಮುಟ್ಟುವ ಪ್ರಸಂಗ ಬರಲಿಲ್ಲ. ಆ ಮೂರು ಅಮಾವಾಸ್ಯೆಗಳೂ ಲೈನ್ ಹೋಗದೆ ದಾಟಿದವು. ಒಂದು ದಿನ ನಾನೇ, "ಅಕ್ಕಾ, ಈ ಡಬ್ಬಿ ಸುಮ್ಮನ ಮೂಲ್ಯಾಗ ಕುಂತೈತಿ, ಬಾಡಿಗಿ ಯಾಕ ಕಟ್ಟಬೇಕು?" ಎಂದು ಆಟೋ ಕರೆಸಿ ಅದನ್ನು ಗದಗಿಗೆ ವಾಪಸ್ ಕಳಿಸಿದೆ. ಅಕ್ಕ ಹೂಂ ಅಂದಳು. ಅಮಾವಾಸ್ಯೆಯ ವಿಷಯ ಅವಳ ಬಾಯಿಗೂ ಬರಲಿಲ್ಲ, ನನ್ನ ದರಿದ್ರ ತಲೆಗೂ ಹೊಳೆಯಲಿಲ್ಲ.

ಬೇಸಿಗೆಯ ಅಮಾವಾಸ್ಯೆ. ಮಗ್ಗ ತೊಳೆದು, ಅಡುಗೆ ಮುಗಿಸಿ, ಊಟ ಮಾಡಿ ಅಡ್ಡಾಗಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಲೈನ್ ಹೋಯಿತು. ಬ್ಯಾಟರಿ ಬಂದ್ ಇತ್ತು, ಇವತ್ತು ಅದರ ಬಿಡುವು ಎಂದುಕೊಂಡು ಬೀಸಣಿಕೆ ಬೀಸುತ್ತಾ ಮಲಗಿದೆ. ಕಣ್ಣು ಹತ್ತಿತು. ಎಷ್ಟು ಹೊತ್ತೋ, ಬೆವರಿಗೆ ಎಚ್ಚರವಾಯಿತು. ಬೀಸಣಿಕೆ ಎತ್ತಿಕೊಂಡಾಗ ತಲೆಗೆ ಹೊಳೆಯಿತು. ಸಿಲಿಂಡರ್ ಇಲ್ಲ. ನಾನೇ ಕಳಿಸಿದ್ದೇನೆ.

ಬರಿಗಾಲಲ್ಲಿ ಓಡಿದೆ. ಅಕ್ಕ ಗೋಡೆಗೆ ಆತು ಕುಳಿತಿದ್ದಳು. ತುಟಿ ನೀಲಿಗಟ್ಟಿತ್ತು, ಕೊರಳ ಪಕ್ಕದ ತಗ್ಗು ಉಸಿರಿಗೊಮ್ಮೆ ಒಳಗೆ ಸೇದುತ್ತಿತ್ತು. ನನ್ನನ್ನು ನೋಡಿದಳು, ಮಾತು ಬರಲಿಲ್ಲ. ನಾನು ಹಾಕಿದ ಕೂಗಿಗೆ ಓಣಿಯೇ ಎದ್ದು ಬಂತು. ಒಬ್ಬ ಆ್ಯಂಬುಲೆನ್ಸಿಗೆ ಫೋನ್ ಹಚ್ಚಿದ. ನಾನು ಬ್ಯಾಟರಿಯ ಖೋಲಿಗೆ ಓಡಿದೆ. ಬಾಗಿಲಿಗೆ ಬೀಗ. ಕಾಕಾ ಲಕ್ಷ್ಮೇಶ್ವರದ ಮಗಳ ಮನೆಗೆ ಹೋಗಿದ್ದರು. ಕೀಲಿ ಅವರ ಉಡಿದಾರದಲ್ಲಿ.

ಕಾಕಾಗೆ ಫೋನ್ ಹಚ್ಚಿದೆ, ಎತ್ತಿದರು. "ಯವ್ವಾ, ಗಾಬರಿ ಆಗಬ್ಯಾಡ, ಈಗ ಬಸ್ ಹತ್ತತೀನಿ. ಕೀಲಿ ಮುರೀಬ್ಯಾಡ್ರಿ, ಅಮಾಸಿ ದಿನ ಅಪಶಕುನ," ಎಂದರು. ಲಕ್ಷ್ಮೇಶ್ವರದಿಂದ ಬಸ್ಸಂತೆ! ನಾನು ಫೋನನ್ನು ಪಕ್ಕದವಳ ಕೈಗೆ ತುರುಕಿ ಸುತ್ತ ನೋಡಿದೆ. ಗಂಡಸರು ನಿಂತಿದ್ದರು. ನಾಲ್ಕು ಪಾವರ್‌ಲೂಮಿನವನೂ ಇದ್ದ.

"ಒಡೀರಿ ಬೀಗಾ," ಎಂದೆ.

"ಒಡೀಬೇಕ ಖರೆ... ಹಿರ್ಯಾರಿಗೆ ಇನ್ನೊಂದ ಮಾತ ಕೇಳಿದ್ರ..." ಎಂದ ಅವನು.

ಒಬ್ಬನೂ ಬೇಡ ಅನ್ನಲಿಲ್ಲ. ಒಬ್ಬನೂ ಕೈ ಎತ್ತಲಿಲ್ಲ. ಬಾಗಿಲ ಮೇಲಿನ ಕುಂಕುಮ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಭವನದ ಗೋಡೆಗೆ ಒರಗಿಸಿಟ್ಟಿದ್ದ ಹಾರೆ ಎಳೆದುಕೊಂಡೆ. "ಸರೀರಿ ಹೇಡಿಗೋಳ್ರಾ!" ಎಂದು ಬೀಗದ ಕೊಂಡಿಗೆ ಸಿಕ್ಕಿಸಿ ಮೈಭಾರವೆಲ್ಲ ಹಾಕಿದೆ. ಮೂರನೆಯ ಸಲಕ್ಕೆ ಕೊಂಡಿಯೇ ಚೌಕಟ್ಟಿನಿಂದ ಕಿತ್ತು ಬಂತು. ಒಳಗೆ ಯಾವ ಗುಂಡಿ ಒತ್ತಬೇಕೆಂದು ಗೊತ್ತಿಲ್ಲ. ಪಕ್ಕದವಳಿಂದ ಫೋನ್ ಇಸಿದುಕೊಂಡು ಇಂಜಿನಿಯರ್ ಹುಡುಗಿಗೆ ಹಚ್ಚಿದೆ. ಅವಳು ಒಂದು ಮಾತು ಆಡಿ ತೋರಿಸಲಿಲ್ಲ, ನಾ ಆವತ್ತೇ ಹೇಳಿದ್ದೆ ಅನ್ನಲಿಲ್ಲ. "ಎಡಕ್ಕ ದೊಡ್ಡ ಕೆಂಪು ಹಿಡಿಕಿ ಐತಲ್ರಿ ಅಮ್ಮಾರ, ಅದನ್ನ ಮ್ಯಾಲೆತ್ರಿ. ಈಗ ಅದರ ಕೆಳಗಿನ ಹಸರ ಗುಂಡಿ," ಎಂದು ಒಂದೊಂದಾಗಿ ಹೇಳಿದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಕ್ಕನ ಮನೆಯಿಂದ "ಬಂತು, ಬಂತು!" ಎಂಬ ಕೂಗು ಕೇಳಿತು. ಮಷಿನ್ ಗುರ್ರ್ ಎಂದಿತು, ಆಕ್ಸಿಜನ್ನಿನ ನಳಿಗೆಯನ್ನು ಅವಳ ಮೂಗಿಗೆ ಏರಿಸಿದೆವು. ಆಮೇಲೆ ಆ್ಯಂಬುಲೆನ್ಸ್ ಬಂತು. ಗದಗಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಬದುಕಿದಳು. ಆದರೆ ಮೊದಲು ಬಚ್ಚಲತನಕ ತಾನೇ ನಡೆದು ಹೋಗುತ್ತಿದ್ದವಳಿಗೆ ಈಗ ಕೈ ಹಿಡಿಯಬೇಕು.

ಎರಡನೆಯ ದಿನ ಮಾತು ಬಂದಾಗ ನೀರು ಕುಡಿಸುತ್ತಾ ಕೇಳಿದೆ: "ಫೋನ್ ನಿನ್ನ ತೊಡಿ ಮ್ಯಾಲ ಇತ್ತಲ್ಲ ಅಕ್ಕಾ. ಲೈನ್ ಹೋದ ಕೂಡ್ಲೆ ನನಗ ಯಾಕ ಹಚ್ಚಲಿಲ್ಲ? ಮಾತ ಬರತಿರಲಿಲ್ಲೇನು?"

"ಬರತಿತ್ತು."

"ಮತ್ತ?"

"ಅಮಾಸಿ ಇತ್ತಲ್ಲ," ಎಂದಳು. "ಹಚ್ಚಿದ್ರ ನೀ ಸುಮ್ಮನಿರತಿದ್ದಿಲ್ಲ. ನನ್ನ ಸಲುವಾಗಿ ಓಣಿ ನೇಮ ಯಾಕ ಮುರೀಬೇಕು? ಜರಾ ತಡದ್ರ ಲೈನ್ ಬಂದಾತು ಅಂದ್ಕೊಂಡೆ."

ನನ್ನ ಕೈಯಲ್ಲಿದ್ದ ಲೋಟ ಗೋಡೆಗೆ ಎಸೆಯಬೇಕೆನಿಸಿತು. ಸಾಯುವ ಹೊತ್ತಿನಲ್ಲೂ ಇವಳು ನೇಮ ಲೆಕ್ಕ ಹಾಕುತ್ತಾ ಕುಳಿತಿದ್ದಳು! ಆ ನೇಮ ಬ್ಯಾಟರಿಗೆ ಎಲ್ಲಿಂದ ಬಂತು? ನನ್ನ ಬಾಯಿಂದ. ನಾನು ಜಂಬಕ್ಕೆ ಆಡಿದ ಮಾತನ್ನು ಅವಳು ದೇವರ ಮಾತಿನಂತೆ ಎದೆಗೆ ಒತ್ತಿಕೊಂಡು ಕೂತಿದ್ದಳು. ಅಕ್ಕನನ್ನು ಬೈಯಲು ಆಗಲಿಲ್ಲ. ಹೊರಗೆ ವರಾಂಡಕ್ಕೆ ಬಂದು, ದಾರಿಗೆ ಅಡ್ಡ ಚಪ್ಪಲಿ ಬಿಟ್ಟಿದ್ದ ಯಾರನ್ನೋ ವಿನಾಕಾರಣ ಬೈದೆ.

ಅಕ್ಕ ಮನೆಗೆ ಬಂದ ಮೇಲೆ ಸಭೆ ಕರೆಸಿದೆ. ಜಗಳಕ್ಕೇ ಸಿದ್ಧವಾಗಿ ಹೋಗಿದ್ದೆ. "ಅಮಾಸಿ ದಿನಾನೂ ಬ್ಯಾಟ್ರಿ ಚಾಲೂ ಇರಬೇಕು. ಯಾರರ ಅಡ್ಡ ಬಂದ್ರಿ ಅಂದ್ರ ನೋಡ್ರಿ," ಎಂದೆ.

ಅಡ್ಡ ಬರುವವರೇ ಇರಲಿಲ್ಲ. "ಇರಲಿ ಬಿಡ್ರಿ, ಅದಕ್ಕೇನು," ಎಂದ ಒಬ್ಬ. "ನಮಗೂ ಹಂಗ ಅನಸಿತ್ತು, ಹಿರ್ಯಾರ ಮನಸಿಗೆ ಬೇಜಾರಾಗಬಾರದಂತ ಸುಮ್ಮನಿದ್ವಿ," ಎಂದ ನಾಲ್ಕು ಪಾವರ್‌ಲೂಮಿನವನು. ನಾನು ಕಾಕಾನ ಕಡೆ ತಿರುಗಿದೆ. ಅವರು ತಲೆ ಬಗ್ಗಿಸಿ, "ನಾ ಬರೇ ಕೇಳಿದ್ದೆ ತಂಗಿ. ನೀವೆಲ್ಲಾ ಬೇಕಂದ್ರಿ ಅಂತ ಹೂಂ ಅಂದೆ," ಎಂದರು. ಹೊಸ ಬೀಗದ ಎರಡನೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ಆವತ್ತಿನಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ. ಯಾರಿಗೂ ಬೇಡವಾಗಿತ್ತು! ಕಾಕಾ ನಮಗೋಸ್ಕರ ಒಪ್ಪಿದರು, ನಾವು ಕಾಕಾಗೋಸ್ಕರ ಒಪ್ಪಿದೆವು, ನಾನು ಸಭೆ ಗೆಲ್ಲುವುದಕ್ಕೋಸ್ಕರ ಆಡಿದೆ. ಇಡೀ ಓಣಿಯಲ್ಲಿ ಆ ನೇಮವನ್ನು ನಿಜವಾಗಿ ನಂಬಿದವಳು ಒಬ್ಬಳೇ. ಅದು ಯಾರ ಉಸಿರು ತೆಗೆಯುತ್ತಿತ್ತೋ ಅವಳು.

ಅವಳು ಮಾತ್ರ ಸಭೆಯ ತೀರ್ಮಾನ ಒಪ್ಪಲಿಲ್ಲ. ಮತ್ತೆ ಸಿಲಿಂಡರ್ ತರುತ್ತೇನೆ ಎಂದು ನಾನು ಗದಗಿಗೆ ಹೋದರೆ ಅಂಗಡಿಯವನ ಬಳಿ ಇದ್ದವೆಲ್ಲ ಬಾಡಿಗೆಗೆ ಹೋಗಿದ್ದವು, ಮುಂದಿನ ವಾರ ಬನ್ನಿ ಎಂದ. ಅಷ್ಟರಲ್ಲಿ ಮುಂದಿನ ಅಮಾವಾಸ್ಯೆ ಬಂತು. ಅದೇ ದಿನ ಕಂಬ ಬದಲಿಸುವ ಕೆಲಸ, ಬೆಳಿಗ್ಗೆಯಿಂದ ಸಂಜೆತನಕ ಲೈನ್ ಇರುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ನಾನು ಕೀಲಿ ಹಿಡಿದು ಹೋಗಿ ಬ್ಯಾಟರಿ ಚಾಲೂ ಇದೆಯೇ ಎಂದು ನೋಡಿ, ಅಕ್ಕನ ಮನೆಗೆ ಬಂದೆ. ಮಷಿನ್ನಿನ ಪ್ಲಗ್ ಕಿತ್ತಿತ್ತು. ನಳಿಗೆ ಸುರುಳಿ ಸುತ್ತಿ ದಿಂಬಿನ ಪಕ್ಕ ಇಟ್ಟಿದ್ದಳು.

"ಮುದಕಿ, ಹುಚ್ಚ ಹಿಡದೈತೇನ ನಿನಗ?" ಎಂದೆ.

"ಮಗ್ಗಾ ಎಲ್ಲಾ ಸುಮ್ಮನದಾವ," ಎಂದಳು, ನಡುನಡುವೆ ಉಸಿರು ಎಳೆದುಕೊಳ್ಳುತ್ತಾ. "ನನ್ನೊಬ್ಬಾಕಿ ಸಲುವಾಗಿ ಆ ಬ್ಯಾಟ್ರಿ ದುಡದು... ಓಣಿಗೆ ಏನರ ಆದ್ರ? ದೋಷ ನನ್ನ ತಲಿಗೆ ಬರತೈತಿ. ಹಗರಕ ಕುಂತಿರತೀನಿ. ನೀ ಹೋಗು."

ಬೈದೆ, ಅತ್ತೆ, ಕಾಲು ಹಿಡಿದೆ. ನಾನೇ ನಳಿಗೆ ಹಾಕಿದರೆ ಕಿತ್ತು ಹಾಕಿದಳು. ಉಸಿರಿಲ್ಲದ ಮೈಯಲ್ಲಿ ಅಷ್ಟು ಹಟ ಎಲ್ಲಿತ್ತೋ. ಪಕ್ಕದ ಮನೆಯವಳನ್ನು ಅವಳ ಹತ್ತಿರ ಕೂರಿಸಿ, ತುಟಿ ಬಣ್ಣ ತಿರುಗಿದರೆ ಕೂಗು ಎಂದು ಹೇಳಿ, ಎದ್ದು ಸೀದಾ ನಮ್ಮ ಮನೆಗೆ ಬಂದೆ. ಆಗ ತಾನೇ ಪೂಜೆ ಮಾಡಿದ್ದ ಮಗ್ಗ. ಹಾಸಿನ ಮೇಲೆ ಇಟ್ಟಿದ್ದ ಹೂವು ತೆಗೆದು ಪಕ್ಕಕ್ಕಿಟ್ಟೆ. ಕುಣಿಗೆ ಕಾಲು ಇಳಿಬಿಟ್ಟೆ. ದೋಷ ಬರುವುದಿದ್ದರೆ ನನಗೆ ಬರಲಿ, ಮೊದಲು ಬಾಯಿ ಬಿಟ್ಟವಳು ನಾನು.

ಹಗ್ಗ ಜಗ್ಗಿದೆ, ಲಾಳಿ ಓಡಿತು. ಮದುವೆಯಾಗಿ ಬಂದಾಗಿನಿಂದ ಅಮಾವಾಸ್ಯೆಯ ದಿನ ಆ ಸಪ್ಪಳ ನಮ್ಮ ಮನೆಯಿಂದ ಹೊರಟದ್ದು ಅದೇ ಮೊದಲು. ಬೇರೆ ಒಂದೂ ಮಗ್ಗ ನಡೆಯುತ್ತಿರಲಿಲ್ಲವಾದ್ದರಿಂದ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಜನ ಬಾಗಿಲಿಗೆ ಬಂದು ನಿಂತರು. ನನ್ನ ಗಂಡ ಒಳಗೆ ಬಂದು ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಹೊರಗೆ ಹೋದರು. ಎರಡು ಎಳೆ ತುಂಡಾದವು, ಗಂಟು ಹಾಕಿ ಮತ್ತೆ ನೇಯ್ದೆ. ಅಕ್ಕನ ಮನೆಯ ಕಡೆಗೇ ಕಿವಿ.

ಫೋನ್ ರಿಂಗಾಯಿತು. ಅಕ್ಕ.

"ನಿಲ್ಲಸು," ಎಂದಳು. "ನಿಲ್ಲಸ ಲೇ, ನನಗ ಕೇಳಾಕ ಆಗವಲ್ದು. ಹಾಕ್ಕೊಂಡೀನಿ."

"ನಂಬಂಗಿಲ್ಲ ನಾ. ಫೋನ್ ಮಷಿನ್ ಹತ್ರ ಹಿಡಿ."

ಹಿಡಿದಳು. ಗುರ್ರ್ ಎಂಬ ಸಪ್ಪಳ ಕೇಳಿತು. ನಾನು ಲಾಳಿ ಕೆಳಗಿಟ್ಟೆ.

"ಎಷ್ಟ ನೇಯ್ದಿ?" ಎಂದು ಕೇಳಿದಳು.

"ಒಂದ ಗೇಣ."

"ಅಮಾಸಿ ದಿನ ನೇಯ್ದ ಸೀರಿ. ಮಾರಬ್ಯಾಡ ಅದನ್ನ, ಇನ್ನೊಬ್ಬರ ಮನಿಗೆ ಹೋಗಬಾರದು. ನಾ ಸತ್ತಾಗ ನನಗ ಹೊಚ್ಚಿಬಿಡು."

"ಮೊದಲ ಅದನ್ನ ಉಟ್ಟ ಹರಿ," ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. "ಹರದ ಮ್ಯಾಲ ನೋಡೂಣು!"

ಅಕ್ಕ ನಕ್ಕಳು. ನಗುವಿನ ನಡುವೆ ಕೆಮ್ಮು ಬಂತು, ನಿಂತಿತು. ಲೈನ್ ಬರುವವರೆಗೂ ಫೋನ್ ಇಡಬೇಡ ಎಂದು ಬೈದು, ಮಗ್ಗದ ಕುಣಿಯಲ್ಲೇ ಕೂತು ಸಂಜೆಯತನಕ ಆ ಮಷಿನ್ ಸಪ್ಪಳ ಕೇಳಿದೆ.